ಕೊತ್ತಂಬರಿ ನೀರು ಕುಡಿದರೆ ಕಿಡ್ನಿ ಕ್ಲೀನ್ ಆಗುತ್ತದೆಯೇ?

ಈ ಫಾರ್ವರ್ಡ್ ನಿಮ್ಮ ಫೋನಿಗೂ ಒಮ್ಮೆಯಾದರೂ ಬಂದಿರುತ್ತದೆ. ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನು ತೊಳೆದು, ಹೆಚ್ಚಿ, ನೀರಿಗೆ ಹಾಕಿ ಹತ್ತು ನಿಮಿಷ ಕುದಿಸಬೇಕು. ಆರಿದ ಮೇಲೆ ಸೋಸಿ, ಸೊಪ್ಪನ್ನು ಎಸೆದು, ನೀರನ್ನು ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಬೇಕು. ದಿನಕ್ಕೊಂದು ಲೋಟ ಕುಡಿದರೆ ಸಾಕು, ವರ್ಷಗಟ್ಟಲೆ ಕಿಡ್ನಿಯಲ್ಲಿ ಕಟ್ಟಿಕೊಂಡ ಉಪ್ಪು, ವಿಷ ಎಲ್ಲವೂ ಮೂತ್ರದಲ್ಲಿ ಹೊರಗೆ ಬರುತ್ತದಂತೆ. ಕೊನೆಯಲ್ಲಿ ಕೈಮುಗಿಯುವ ಗುರುತು, ಜೊತೆಗೆ ‘ನಿಮ್ಮವರಿಗೆಲ್ಲ ಕಳಿಸಿ’ ಎಂಬ ವಿನಂತಿ.

ಇತ್ತೀಚೆಗೆ ಇದು ನಮ್ಮ ಮನೆಯ ಗ್ರೂಪಿಗೂ ಬಂತು. ಅದರ ಕೆಳಗೆ ನಮ್ಮ ಚಿಕ್ಕಮ್ಮ ‘ನಾಳೆಯಿಂದಲೇ ಶುರು’ ಎಂದು ಬರೆದರು. ಅವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಬಿಪಿಗೆ ದಿನಾ ಟೆಲ್ಮಿಸಾರ್ಟನ್ ಮಾತ್ರೆ. ಹಿಂದಿನ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಸ್ವಲ್ಪ ಹೆಚ್ಚಿದೆ ಎಂದು ಡಾಕ್ಟರು ಹೇಳಿದ್ದರು. ಆ ಭಯಕ್ಕೇ ಅವರು ಈ ನೀರು ಕುಡಿಯಲು ಹೊರಟಿದ್ದು.

ನಾವು ಫೋನ್ ಮಾಡಿ ‘ಬೇಡ ಚಿಕ್ಕಮ್ಮ’ ಎಂದೆವು. ‘ಸೊಪ್ಪಿನ ನೀರು ತಾನೆ, ಅದರಿಂದ ಏನು ಕೆಟ್ಟದ್ದಾಗುತ್ತದೆ?’ ಎಂದು ಕೇಳಿದರು. ಪ್ರಶ್ನೆ ನ್ಯಾಯವಾಗಿಯೇ ಇದೆ. ಉತ್ತರ ಹೇಳಬೇಕಾದರೆ ಕಿಡ್ನಿ ನಿಜಕ್ಕೂ ಏನು ಮಾಡುತ್ತದೆ ಎಂದು ಮೊದಲು ನೋಡಬೇಕು.

ಮೊದಲು ಚುಟುಕಾಗಿ ಉತ್ತರ

ಕೊತ್ತಂಬರಿ ನೀರು ಮನುಷ್ಯರ ಕಿಡ್ನಿಯನ್ನು ‘ತೊಳೆಯುತ್ತದೆ’ ಎನ್ನುವುದಕ್ಕೆ ಆಧಾರವಿಲ್ಲ. ಆರೋಗ್ಯವಂತರು ಒಂದು ಲೋಟ ಕುಡಿದರೆ ನಷ್ಟವೂ ಇಲ್ಲ. ಆದರೆ ಕಿಡ್ನಿ ಈಗಾಗಲೇ ದುರ್ಬಲವಾಗಿರುವವರು ಇದನ್ನು ದಿನಾ ಕುಡಿದರೆ ಅಪಾಯವಾಗಬಹುದು. ಅಂದರೆ ಈ ಸಲಹೆ ಯಾರಿಗೆ ಅಂತ ಹರಿದಾಡುತ್ತಿದೆಯೋ, ತೊಂದರೆಯೂ ಅವರಿಗೇ.

ತಪ್ಪಿರುವುದು ಎಲ್ಲಿ?

ಈ ಫಾರ್ವರ್ಡನ್ನು ನಂಬಿಸುವುದು ನಮ್ಮ ತಲೆಯಲ್ಲಿ ಮೊದಲೇ ಇರುವ ಒಂದು ಚಿತ್ರ. ಅಡುಗೆಮನೆಯ ನೀರಿನ ಫಿಲ್ಟರನ್ನು ನೆನಪಿಸಿಕೊಳ್ಳಿ. ಕೆಲವು ತಿಂಗಳಲ್ಲಿ ಅದರ ಕ್ಯಾಂಡಲ್ ಕಂದು ಬಣ್ಣಕ್ಕೆ ತಿರುಗುತ್ತದೆ, ಲೋಳೆ ಕಟ್ಟುತ್ತದೆ, ನಾವು ಬ್ರಷ್ ಹಾಕಿ ತಿಕ್ಕುತ್ತೇವೆ. ಕಿಡ್ನಿಯನ್ನೂ ಎಲ್ಲರೂ ‘ಫಿಲ್ಟರ್’ ಎಂದೇ ಕರೆಯುವುದರಿಂದ, ಅಲ್ಲಿಯೂ ಕೊಳೆ ಕಟ್ಟುತ್ತದೆ, ಅದನ್ನೂ ಆಗಾಗ ತೊಳೆಯಬೇಕು ಎಂದು ಅನ್ನಿಸುವುದು ಸಹಜ.

ಕಿಡ್ನಿಯಲ್ಲಿ ಜರಡಿ ಇದೆ, ನಿಜ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳು, ಅಂದರೆ ಪುಟ್ಟ ಪುಟ್ಟ ಘಟಕಗಳು ಇರುತ್ತವೆ. ಪ್ರತಿ ನೆಫ್ರಾನಿನ ತಲೆಯ ಭಾಗದಲ್ಲಿ ಸೂಕ್ಷ್ಮ ರಕ್ತನಾಳಗಳ ಒಂದು ಉಂಡೆ ಇದೆ. ಅದರ ಹೆಸರು ಗ್ಲೊಮೆರುಲಸ್. ರಕ್ತದ ಒತ್ತಡಕ್ಕೆ ನೀರು ಮತ್ತು ಅದರಲ್ಲಿ ಕರಗಿದ ಸಣ್ಣ ಪದಾರ್ಥಗಳು ಇಲ್ಲಿ ಸೋಸಿ ಆಚೆ ಬರುತ್ತವೆ. ರಕ್ತಕಣಗಳು, ದೊಡ್ಡ ಪ್ರೋಟೀನ್‌ಗಳು ಒಳಗೇ ಉಳಿಯುತ್ತವೆ. ಹಾಗೆ ಉಳಿದದ್ದು ಜರಡಿಗೆ ಅಂಟಿಕೊಂಡು ಕೂರುವುದಿಲ್ಲ, ಹರಿಯುವ ರಕ್ತದ ಜೊತೆ ಮುಂದಕ್ಕೆ ಹೋಗಿಬಿಡುತ್ತದೆ. ಆದ್ದರಿಂದ ಫಿಲ್ಟರ್ ಕ್ಯಾಂಡಲ್ ಮೇಲೆ ಕಟ್ಟುವಂಥ ಕೊಳೆ ಇಲ್ಲಿ ಕಟ್ಟುವುದಿಲ್ಲ.

ಇನ್ನೂ ಮುಖ್ಯವಾದ ಮಾತೆಂದರೆ, ಸೋಸುವುದು ಕಿಡ್ನಿಯ ಕೆಲಸದ ಮೊದಲ ಹೆಜ್ಜೆ ಮಾತ್ರ. ನಿಜವಾದ ಕೆಲಸ ಆಮೇಲೆ, ಗ್ಲೊಮೆರುಲಸ್ಸಿಗೆ ಅಂಟಿಕೊಂಡಿರುವ ನಾಳಿಕೆಯಲ್ಲಿ ನಡೆಯುತ್ತದೆ. ಇಂಗ್ಲಿಷಿನಲ್ಲಿ ಟ್ಯೂಬ್ಯೂಲ್ ಎನ್ನುವ ಈ ನಾಳಿಕೆ ಕೂದಲಿನಷ್ಟು ಸಪೂರ, ಕೆಲವೇ ಸೆಂಟಿಮೀಟರ್ ಉದ್ದ. ಫಾರ್ವರ್ಡ್‌ಗಳಲ್ಲಿ ಇದರ ಹೆಸರೇ ಬರುವುದಿಲ್ಲ.

ಹಬ್ಬಕ್ಕೆ ಮನೆ ಕ್ಲೀನ್ ಮಾಡಿದಂತೆ

ಯುಗಾದಿಗೆ ಮುಂಚೆ ಮನೆ ಹೇಗೆ ಕ್ಲೀನ್ ಮಾಡುತ್ತೇವೆ? ಒಂದೊಂದೇ ಕಸವನ್ನು ಹುಡುಕಿ ಎತ್ತುವುದಿಲ್ಲ. ಪಾತ್ರೆ, ಡಬ್ಬ, ಹಾಸಿಗೆ, ಅಟ್ಟದ ಸಾಮಾನು ಎಲ್ಲವನ್ನೂ ಅಂಗಳಕ್ಕೆ ತಂದು ಹಾಕುತ್ತೇವೆ. ಆಮೇಲೆ ಬೇಕಾದದ್ದನ್ನು ಮಾತ್ರ ಆರಿಸಿ ಒಳಗೆ ಒಯ್ಯುತ್ತೇವೆ. ಅಂಗಳದಲ್ಲಿ ಉಳಿದದ್ದು ಕಸ.

ಕಿಡ್ನಿಯ ಕ್ರಮವೂ ಇದೇ. ಅದು ರಕ್ತದಿಂದ ವಿಷವನ್ನು ಹುಡುಕಿ ಹೆಕ್ಕುವುದಿಲ್ಲ. ಮೊದಲು ಬಹುಪಾಲು ಎಲ್ಲ ಸಣ್ಣ ಪದಾರ್ಥಗಳನ್ನೂ ಆಚೆ ಹಾಕುತ್ತದೆ. ನೀರು, ಉಪ್ಪು, ಸಕ್ಕರೆ, ಅಮೈನೋ ಆಮ್ಲ, ಯೂರಿಯಾ, ಔಷಧಿ ಎಲ್ಲವೂ ಹೊರಗೆ. ಆಮೇಲೆ ನಾಳಿಕೆಯ ಗೋಡೆಯಲ್ಲಿರುವ ಜೀವಕೋಶಗಳು ಬೇಕಾದದ್ದನ್ನು ಒಂದೊಂದಾಗಿ ರಕ್ತಕ್ಕೆ ವಾಪಸ್ ಒಯ್ಯುತ್ತವೆ. ಇದಕ್ಕೆ ಮರುಹೀರಿಕೆ ಎಂದು ಹೆಸರು.

ಇದರ ಪ್ರಮಾಣ ಕೇಳಿದರೆ ಆಶ್ಚರ್ಯವಾಗುತ್ತದೆ. ಎರಡೂ ಕಿಡ್ನಿಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ ಆಚೆ ಹಾಕುತ್ತವೆ. ಅಂಗಡಿಯಿಂದ ತರುವ 20 ಲೀಟರಿನ ನೀರಿನ ಕ್ಯಾನು ಗೊತ್ತಲ್ಲ, ಅಂಥ ಒಂಬತ್ತು ಕ್ಯಾನು. ಆದರೆ ನಾವು ದಿನಕ್ಕೆ ಮಾಡುವ ಮೂತ್ರ ಒಂದೂವರೆ ಲೀಟರಿನ ಆಸುಪಾಸು. ಉಳಿದ 178 ಲೀಟರಿಗೂ ಹೆಚ್ಚು ದ್ರವವನ್ನು ನಾಳಿಕೆಗಳು ವಾಪಸ್ ರಕ್ತಕ್ಕೆ ಸೇರಿಸಿರುತ್ತವೆ. ಉಪ್ಪಿನ ಲೆಕ್ಕ ನೋಡಿ: ದಿನಕ್ಕೆ ಸುಮಾರು ಒಂದೂವರೆ ಕಿಲೋ ಉಪ್ಪು ಸೋಸಿ ಆಚೆ ಬರುತ್ತದೆ. ಅದರಲ್ಲಿ ಮೂತ್ರಕ್ಕೆ ಹೋಗುವುದು ಕೆಲವೇ ಗ್ರಾಂ, ಹೆಚ್ಚುಕಡಿಮೆ ನಾವು ಆ ದಿನ ತಿಂದಷ್ಟು.

ಈ ವಾಪಸ್ ಒಯ್ಯುವ ಕೆಲಸ ಪೂರ್ತಿ ನಿಂತರೆ? ರಕ್ತದಲ್ಲಿರುವ ದ್ರವ ಭಾಗ ಸುಮಾರು 3 ಲೀಟರ್ ಮಾತ್ರ. ನಿಮಿಷಕ್ಕೆ 125 ಮಿಲಿಲೀಟರಿನಂತೆ ಸೋಸುವುದರಿಂದ ಅರ್ಧ ಗಂಟೆಯೊಳಗೆ ಅಷ್ಟೂ ಖಾಲಿ.

ಇಷ್ಟು ಸುತ್ತು ಬಳಸಿ ಕೆಲಸ ಮಾಡುವುದೇಕೆ ಎಂದು ನೀವು ಕೇಳಬಹುದು. ಇದರಲ್ಲೊಂದು ಜಾಣತನವಿದೆ. ಪ್ರಪಂಚದಲ್ಲಿ ವಿಷಗಳಿಗೆ ಲೆಕ್ಕವಿಲ್ಲ. ಒಂದೊಂದನ್ನೂ ಗುರುತು ಹಿಡಿದು ಹೊರಹಾಕಬೇಕೆಂದರೆ ಮುಗಿಯದ ಪಟ್ಟಿ ಬೇಕು. ಆದರೆ ದೇಹಕ್ಕೆ ಬೇಕಾದ ವಸ್ತುಗಳ ಪಟ್ಟಿ ಚಿಕ್ಕದು. ಎಲ್ಲವನ್ನೂ ಹೊರಗೆ ಹಾಕಿ ಬೇಕಾದದ್ದನ್ನಷ್ಟೇ ತಂದುಕೊಂಡರೆ, ದೇಹ ಹಿಂದೆಂದೂ ನೋಡಿರದ ಹೊಸ ಪದಾರ್ಥವೂ ತಾನಾಗಿ ಹೊರಗೆ ಹೋಗುತ್ತದೆ.

ಯಾವುದು ಎಲ್ಲಿ ವಾಪಸ್ ಬರುತ್ತದೆ?

ನಾಳಿಕೆಯ ಮೊದಲ ಭಾಗದಲ್ಲಿ ಭಾರಿ ಕೆಲಸ ನಡೆಯುತ್ತದೆ. ಸೋಸಿಬಂದ ನೀರು ಮತ್ತು ಉಪ್ಪಿನಲ್ಲಿ ಸುಮಾರು ಮೂರನೇ ಎರಡು ಭಾಗ ಇಲ್ಲಿಯೇ ವಾಪಸ್ ಹೋಗುತ್ತದೆ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ಹೆಚ್ಚುಕಡಿಮೆ ಪೂರ್ತಿಯಾಗಿ ವಾಪಸ್. ಆರೋಗ್ಯವಂತರಲ್ಲಿ ದಿನಕ್ಕೆ ಸುಮಾರು 180 ಗ್ರಾಂ ಸಕ್ಕರೆ, ಅಂದರೆ ಗ್ಲುಕೋಸ್, ಸೋಸಿ ಆಚೆ ಬಂದರೂ ಮೂತ್ರದಲ್ಲಿ ಅದು ಕಾಣದಿರುವುದು ಇದರಿಂದಲೇ.

ಆದರೆ ಸಕ್ಕರೆಯನ್ನು ಹೊತ್ತು ಒಯ್ಯುವ ಪ್ರೋಟೀನ್‌ಗಳ ಸಂಖ್ಯೆಗೆ ಮಿತಿ ಇದೆ. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಈ ಕೂಲಿಯಾಳುಗಳು ಸಾಲದಾಗುತ್ತಾರೆ. ಉಳಿದ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ಜೊತೆಗೆ ನೀರನ್ನೂ ಎಳೆದೊಯ್ಯುತ್ತದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ ಪದೇಪದೇ ಮೂತ್ರ, ವಿಪರೀತ ಬಾಯಾರಿಕೆ ಆಗುವುದು ಹೀಗೆ. ಮಧುಮೇಹ ಎಂಬ ಹಳೆಯ ಹೆಸರಿನ ಅರ್ಥವೂ ಜೇನಿನಂಥ ಮೂತ್ರ ಎಂದೇ.

ಈ ಜ್ಞಾನದಿಂದ ಔಷಧಿಯೂ ಹುಟ್ಟಿದೆ. 1835ರಲ್ಲಿ ಯುರೋಪಿನ ರಸಾಯನಶಾಸ್ತ್ರಜ್ಞರು ಸೇಬಿನ ಮರದ ತೊಗಟೆಯಿಂದ ಫ್ಲೊರಿಜಿನ್ ಎಂಬ ಕಹಿ ಪದಾರ್ಥವನ್ನು ಬೇರ್ಪಡಿಸಿದರು. ಅದು ಸಕ್ಕರೆಯನ್ನು ವಾಪಸ್ ಒಯ್ಯುವ ಪ್ರೋಟೀನ್‌ಗಳಿಗೆ ಅಡ್ಡ ನಿಲ್ಲುತ್ತದೆ ಎನ್ನುವುದು ಬಹಳ ಕಾಲದ ನಂತರ ತಿಳಿಯಿತು. ಅದೇ ದಾರಿಯಲ್ಲಿ ಮುಂದುವರಿದು ತಯಾರಾದವೇ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು. ಇವತ್ತು ನಿಮ್ಮ ಮನೆಯಲ್ಲಿ ಯಾರಾದರೂ ಇವನ್ನು ನುಂಗುತ್ತಿರಬಹುದು. ಇವು ಹೆಚ್ಚುವರಿ ಸಕ್ಕರೆಯನ್ನು ಮೂತ್ರದಲ್ಲಿ ಬಿಟ್ಟುಬಿಡುತ್ತವೆ. ಈ ಮಾತ್ರೆ ತೆಗೆದುಕೊಳ್ಳುವವರ ಮೂತ್ರದಲ್ಲಿ ಸಕ್ಕರೆ ಕಂಡರೆ ಗಾಬರಿ ಬೇಡ, ಅದು ಮಾತ್ರೆಯ ಕೆಲಸ. ಇವು ಕಿಡ್ನಿಯನ್ನೂ ಕಾಪಾಡುತ್ತವೆ ಎನ್ನುವುದು ದೊಡ್ಡ ಪ್ರಯೋಗಗಳಲ್ಲಿ ಸಾಬೀತಾಗಿದೆ.

ಮೊದಲ ಭಾಗದ ನಂತರ ನಾಳಿಕೆ ಹೇರ್‌ಪಿನ್ನಿನಂತೆ ಕೆಳಗಿಳಿದು ಮೇಲೇರುತ್ತದೆ. ಇದನ್ನು ವಿವರಿಸಿದ ಜರ್ಮನ್ ವಿಜ್ಞಾನಿ ಹೆನ್ಲೆ ಅವರ ಹೆಸರಿನಲ್ಲಿ ಇದು ಹೆನ್ಲೆ ಕುಣಿಕೆ. ಈ ಕುಣಿಕೆ ಕಿಡ್ನಿಯ ಒಳಭಾಗವನ್ನು ತುಂಬ ಉಪ್ಪಾಗಿ ಇಡುತ್ತದೆ. ಕೊನೆಯ ಸಂಗ್ರಹ ನಾಳ ಆ ಉಪ್ಪು ಜಾಗದ ಮೂಲಕವೇ ಹಾದುಹೋಗಬೇಕು. ದೇಹದಲ್ಲಿ ನೀರು ಕಮ್ಮಿಯಾದಾಗ ಮೆದುಳಿನಿಂದ ಎಡಿಎಚ್ ಎಂಬ ಹಾರ್ಮೋನು ಬರುತ್ತದೆ, ಸಂಗ್ರಹ ನಾಳದಲ್ಲಿ ನೀರಿನ ಬಾಗಿಲುಗಳು ತೆರೆದುಕೊಳ್ಳುತ್ತವೆ, ಸುತ್ತಲಿನ ಉಪ್ಪು ನೀರನ್ನು ಸೆಳೆದುಕೊಳ್ಳುತ್ತದೆ. ಮೂತ್ರ ಕಮ್ಮಿಯಾಗುತ್ತದೆ, ಗಾಢವಾಗುತ್ತದೆ.

ಬೆಳಗ್ಗೆ ಎದ್ದಾಗ ಮೂತ್ರ ಗಾಢ ಹಳದಿ ಇರುವುದಕ್ಕೆ ಇದೇ ಕಾರಣ. ರಾತ್ರಿಯಿಡೀ ನಾಳಿಕೆ ನೀರು ಉಳಿಸಿದೆ ಎಂದಷ್ಟೇ ಅದರ ಅರ್ಥ. ಎರಡು ಲೋಟ ನೀರು ಕುಡಿದ ಮೇಲೆ ಬಣ್ಣ ತಿಳಿಯಾದರೆ ‘ವಿಷ ಹೋಯಿತು’ ಎಂದಲ್ಲ, ‘ಈಗ ನೀರು ಸಾಕಷ್ಟಿದೆ’ ಎಂದು. ಕೊತ್ತಂಬರಿ ನೀರು ಕುಡಿದವರು ‘ಬಣ್ಣವೇ ಬದಲಾಯಿತು’ ಎಂದು ಹೇಳುವುದರ ಗುಟ್ಟೂ ಇದೇ.

ಎರಡನೇ ಬಾಗಿಲು: ಸ್ರವಿಕೆ

ಮನೆ ಕ್ಲೀನಿಂಗ್ ಉದಾಹರಣೆಗೆ ಮತ್ತೆ ಬರೋಣ. ಎಲ್ಲವನ್ನೂ ಅಂಗಳಕ್ಕೆ ಹಾಕಿದೆವು ಎಂದುಕೊಂಡರೂ ಕೆಲವು ಸಾಮಾನು ಒಳಗೇ ಉಳಿದಿರುತ್ತವೆ. ಯಾರಾದರೂ ಹೋಗಿ ಎತ್ತಿ ತರಬೇಕು. ನಾಳಿಕೆಯೂ ಈ ಕೆಲಸ ಮಾಡುತ್ತದೆ. ಸೋಸುವಾಗ ತಪ್ಪಿಸಿಕೊಂಡ ಪದಾರ್ಥಗಳನ್ನು ಅದರ ಜೀವಕೋಶಗಳು ರಕ್ತದಿಂದ ಎಳೆದು ಮೂತ್ರದ ಕಡೆಗೆ ದಾಟಿಸುತ್ತವೆ. ಇದು ಸ್ರವಿಕೆ.

ಇದರ ಬಲ ಎಷ್ಟೆಂದು ಪೆನಿಸಿಲಿನ್ ಕಥೆ ಹೇಳುತ್ತದೆ. 1941ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಕಾನ್‌ಸ್ಟೇಬಲ್‌ಗೆ ಗಂಭೀರ ಸೋಂಕಾಗಿತ್ತು. ಪೆನಿಸಿಲಿನ್ ಚಿಕಿತ್ಸೆ ಪಡೆದ ಮೊದಲ ರೋಗಿಗಳಲ್ಲಿ ಅವರೊಬ್ಬರು. ಔಷಧಿ ಕೊಟ್ಟ ಕೆಲವೇ ದಿನಗಳಲ್ಲಿ ಚೇತರಿಕೆ ಕಾಣಿಸಿತು. ಆದರೆ ಪೆನಿಸಿಲಿನ್ ರಕ್ತದಲ್ಲಿ ನಿಲ್ಲುತ್ತಿರಲಿಲ್ಲ, ಕೊಟ್ಟ ಸ್ವಲ್ಪ ಹೊತ್ತಿಗೇ ಮೂತ್ರಕ್ಕೆ ಹೋಗಿಬಿಡುತ್ತಿತ್ತು. ಇದ್ದ ಔಷಧಿಯೋ ಬಹಳ ಕಮ್ಮಿ. ವಿಜ್ಞಾನಿಗಳು ಅವರ ಮೂತ್ರವನ್ನು ಸಂಗ್ರಹಿಸಿ, ಅದರಿಂದ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಅವರಿಗೇ ಕೊಟ್ಟರು. ಆದರೂ ಔಷಧಿ ಮುಗಿಯಿತು. ಮಾರ್ಚ್ 15ರಂದು ಅವರು ತೀರಿಕೊಂಡರು.

ಪೆನಿಸಿಲಿನ್ನಿನ ದೊಡ್ಡ ಪಾಲು ರಕ್ತದ ಪ್ರೋಟೀನ್‌ಗೆ ಅಂಟಿಕೊಂಡಿರುತ್ತದೆ, ಆದ್ದರಿಂದ ಜರಡಿಯಲ್ಲಿ ಸುಲಭವಾಗಿ ಸೋಸಿಹೋಗುವುದಿಲ್ಲ. ಆದರೂ ಇಷ್ಟು ಬೇಗ ಹೋಗುತ್ತದೆಂದರೆ ನಾಳಿಕೆ ಅದನ್ನು ಎಳೆದು ಹಾಕುತ್ತಿದೆ ಎಂದೇ ಅರ್ಥ. 1950ರ ದಶಕದ ಹೊತ್ತಿಗೆ ಈ ಬಾಗಿಲಿಗೆ ಅಡ್ಡ ನಿಲ್ಲುವ ಪ್ರೊಬೆನೆಸಿಡ್ ಎಂಬ ಔಷಧಿ ಬಂತು. ಜೊತೆಗೆ ಕೊಟ್ಟರೆ ಪೆನಿಸಿಲಿನ್ ಹೆಚ್ಚು ಹೊತ್ತು ರಕ್ತದಲ್ಲಿ ನಿಲ್ಲುತ್ತಿತ್ತು.

ಸ್ರವಿಕೆಯಿಂದ ಹೊರಹೋಗುವುದು ಔಷಧಿ ಮಾತ್ರವಲ್ಲ. ರಕ್ತದ ಹೆಚ್ಚುವರಿ ಆಮ್ಲವೂ ಹೀಗೇ ಹೋಗುತ್ತದೆ. ಕ್ರಿಯಾಟಿನಿನ್ನಿನ ಒಂದು ಸಣ್ಣ ಪಾಲೂ ಹೀಗೇ. ಎಲ್ಲಕ್ಕಿಂತ ಮುಖ್ಯವಾದದ್ದು ಪೊಟ್ಯಾಸಿಯಂ. ಸೋಸಿಬಂದ ಪೊಟ್ಯಾಸಿಯಂನ ಬಹುಪಾಲು ನಾಳಿಕೆಯ ಮೊದಲ ಭಾಗಗಳಲ್ಲಿಯೇ ವಾಪಸ್ ಹೋಗಿರುತ್ತದೆ. ಕೊನೆಗೆ ಮೂತ್ರದಲ್ಲಿ ಕಾಣುವ ಪೊಟ್ಯಾಸಿಯಂ ಹೆಚ್ಚಾಗಿ ನಾಳಿಕೆಯ ತುದಿಭಾಗ ಎಣಿಸಿ ಎಣಿಸಿ ಹೊರಗೆ ಹಾಕಿದ್ದು. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಇಲ್ಲಿದೆ.

ಸೊಪ್ಪಿನ ನೀರಿನಿಂದ ಏನು ಕೆಟ್ಟದ್ದಾಗುತ್ತದೆ?

ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲ್ ಮಟ್ಟದಲ್ಲಿ ಇರಬೇಕು. ಕಮ್ಮಿಯಾದರೂ ತೊಂದರೆ, ಹೆಚ್ಚಾದರೂ ತೊಂದರೆ. ತೀರ ಹೆಚ್ಚಾದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ, ನಿಲ್ಲಲೂಬಹುದು. ಅದಕ್ಕೆ ಮುಂಚೆ ಯಾವ ಲಕ್ಷಣವೂ ಕಾಣದೆ ಇರಬಹುದು.

ಕೊತ್ತಂಬರಿ ಸೇರಿದಂತೆ ಹಸಿರು ಸೊಪ್ಪುಗಳಲ್ಲಿ ಪೊಟ್ಯಾಸಿಯಂ ಸಮೃದ್ಧವಾಗಿರುತ್ತದೆ. ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತದೆ. ಸೊಪ್ಪನ್ನು ಹೆಚ್ಚಿ ನೀರಿನಲ್ಲಿ ಕುದಿಸಿದರೆ ಅದು ನೀರಿಗೆ ಬಿಟ್ಟುಕೊಳ್ಳುತ್ತದೆ. ಇದೇ ಕಾರಣಕ್ಕೆ ಪೊಟ್ಯಾಸಿಯಂ ಹೆಚ್ಚಿರುವ ಕಿಡ್ನಿ ರೋಗಿಗಳಿಗೆ ಆಹಾರ ತಜ್ಞರು ಹೇಳುವ ಕ್ರಮ ಹೀಗಿರುತ್ತದೆ: ತರಕಾರಿ, ಸೊಪ್ಪನ್ನು ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ, ಸೊಪ್ಪನ್ನು ತಿನ್ನಿ. ಫಾರ್ವರ್ಡ್ ಹೇಳುವುದು ಸರಿಯಾಗಿ ಇದರ ಉಲ್ಟಾ. ಸೊಪ್ಪನ್ನು ಎಸೆದು ನೀರನ್ನು ಕುಡಿಯಿರಿ ಎಂದು.

ಆರೋಗ್ಯವಂತ ನಾಳಿಕೆಗಳಿಗೆ ಇದೇನೂ ದೊಡ್ಡ ಹೊರೆಯಲ್ಲ. ಹೆಚ್ಚಾದದ್ದನ್ನು ಕೆಲವು ಗಂಟೆಗಳಲ್ಲಿ ಹೊರಹಾಕುತ್ತವೆ. ಆದರೆ ಕಿಡ್ನಿಯ ಶಕ್ತಿ ಕುಗ್ಗಿದವರಲ್ಲಿ ಆ ಕೆಲಸ ನಿಧಾನ. ಅದರ ಮೇಲೆ ಬಿಪಿಗೆ ಕೊಡುವ ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಮಾತ್ರೆಗಳು ಪೊಟ್ಯಾಸಿಯಂ ಹೊರಹೋಗುವುದನ್ನು ಸ್ವಲ್ಪ ತಗ್ಗಿಸುತ್ತವೆ. ಹಾಗೆಂದು ಆ ಮಾತ್ರೆ ನಿಲ್ಲಿಸಬೇಡಿ, ಸಕ್ಕರೆ ಕಾಯಿಲೆ ಇರುವವರ ಕಿಡ್ನಿಯನ್ನು ಕಾಪಾಡುವುದೂ ಅವೇ. ಅವುಗಳ ಜೊತೆ ಪೊಟ್ಯಾಸಿಯಂ ತುಂಬಿದ ಪಾನೀಯವನ್ನು ‘ಔಷಧಿ’ ಎಂದು ದಿನಾ ಸೇರಿಸಬೇಡಿ ಎನ್ನುವುದು ಮಾತು.

ಎಳನೀರಿಗೂ ಇದೇ ಮಾತು ಅನ್ವಯಿಸುತ್ತದೆ. ‘ಕಿಡ್ನಿಗೆ ಒಳ್ಳೆಯದು’ ಎಂದು ರೋಗಿ ನೋಡಲು ಆಸ್ಪತ್ರೆಗೆ ಹೋಗುವವರು ಎಳನೀರು ಒಯ್ಯುವುದು ನಮ್ಮಲ್ಲಿ ವಾಡಿಕೆ. ಬೇರೆಯವರಿಗೆ ಅದು ಒಳ್ಳೆಯ ಪಾನೀಯ. ಆದರೆ ಅದರಲ್ಲಿಯೂ ಪೊಟ್ಯಾಸಿಯಂ ಸಾಕಷ್ಟಿದೆ. ಕಿಡ್ನಿ ರೋಗಿಗೆ, ಮುಖ್ಯವಾಗಿ ಡಯಾಲಿಸಿಸ್‌ನಲ್ಲಿ ಇರುವವರಿಗೆ, ಡಾಕ್ಟರನ್ನು ಕೇಳದೆ ಕೊಡಬೇಡಿ.

‘ನೈಸರ್ಗಿಕ’ ಎಂದರೆ ನಾಳಿಕೆಗೆ ಸುರಕ್ಷಿತವೇ?

ನಾಳಿಕೆಯ ಜೀವಕೋಶಗಳು ಹಗಲಿರುಳೂ ದುಡಿಯುತ್ತವೆ. ಅವುಗಳ ಕೆಲಸದ ರೀತಿಯೇ ಅವುಗಳಿಗೆ ಅಪಾಯವನ್ನೂ ತರುತ್ತದೆ.

ಮೊದಲನೆಯದು ಸ್ರವಿಕೆಯ ಬಾಗಿಲಿನಿಂದ ಬರುವ ಅಪಾಯ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಗಿಡಮೂಲಿಕೆಯ ಪುಡಿ ಸೇವಿಸಿದ ಮಹಿಳೆಯರ ಕಿಡ್ನಿಗಳು ಒಬ್ಬರ ಹಿಂದೊಬ್ಬರಂತೆ ಕೈಕೊಟ್ಟವು. 1993ರಲ್ಲಿ ಅಲ್ಲಿನ ವೈದ್ಯರು ಇದನ್ನು ವರದಿ ಮಾಡಿದರು. ಮುಂದೆ ಇಂಥ ಪ್ರಕರಣಗಳು ನೂರನ್ನು ದಾಟಿದವು. ಹಲವರಿಗೆ ಡಯಾಲಿಸಿಸ್, ಕಿಡ್ನಿ ಕಸಿ ಬೇಕಾಯಿತು. ಒಂದು ಚೀನೀ ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಜಾತಿಯ ಗಿಡ ಆ ಪುಡಿಯಲ್ಲಿ ಸೇರಿತ್ತು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ನಾಳಿಕೆಯನ್ನು ಹಾಳುಮಾಡುತ್ತದೆ, ಮೂತ್ರಮಾರ್ಗದ ಕ್ಯಾನ್ಸರನ್ನೂ ತರುತ್ತದೆ. ಪೆನಿಸಿಲಿನ್ನಿನಂಥ ಪದಾರ್ಥಗಳನ್ನು ರಕ್ತದಿಂದ ಎಳೆದುಕೊಳ್ಳುವ ಪ್ರೋಟೀನ್‌ಗಳೇ ಈ ಆಮ್ಲವನ್ನೂ ಜೀವಕೋಶದ ಒಳಗೆ ಎಳೆದುಕೊಳ್ಳುತ್ತವೆ. ಹೊರಹಾಕಲು ಹೋಗಿ ಜೀವಕೋಶವೇ ಸಾಯುತ್ತದೆ. ಇದೇ ಜಾತಿಗೆ ಸೇರಿದ ಗಿಡವೊಂದು ನಮ್ಮ ಕಡೆಯೂ ಇದೆ, ಅದೇ ಈಶ್ವರಿ ಬಳ್ಳಿ. ಹೆಸರು ಗೊತ್ತಿಲ್ಲದ ಬೇರಿನ ಕಷಾಯ ಕುಡಿಯುವ ಮುಂಚೆ ಇದನ್ನು ನೆನೆಯಿರಿ.

ಎರಡನೆಯದು ಮರುಹೀರಿಕೆಯಿಂದ ಬರುವ ಅಪಾಯ. ನಾಳಿಕೆ ನೀರನ್ನು ವಾಪಸ್ ಎಳೆದಂತೆಲ್ಲ ಉಳಿದ ಪದಾರ್ಥ ಗಟ್ಟಿಯಾಗುತ್ತದೆ, ಸಾರು ಕುದಿದು ಬತ್ತಿದ ಹಾಗೆ. ಆಕ್ಸಲೇಟ್ ಹೆಚ್ಚಿರುವ ರಸವನ್ನು ಕುಡಿದರೆ ಅದು ನಾಳಿಕೆಯೊಳಗೆ ಹರಳುಗಟ್ಟಿ ಕೂರಬಹುದು. ಕೊಲೆಸ್ಟರಾಲ್ ಇಳಿಯುತ್ತದೆಂಬ ನಂಬಿಕೆಯಿಂದ ಬಿಂಬುಳಿಯ ರಸ ಕುಡಿದು ಕಿಡ್ನಿ ಏಕಾಏಕಿ ಕೆಟ್ಟ ಹತ್ತು ಮಂದಿಯ ವಿವರವನ್ನು ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿದರು. ಹಲವರಿಗೆ ಡಯಾಲಿಸಿಸ್ ಮಾಡಬೇಕಾಯಿತು. ಕರಾವಳಿಯವರು ಸಾರಿಗೆ, ಚಟ್ನಿಗೆ ಹಾಕುವ ಬಿಂಬುಳಿಯಿಂದ ಭಯವಿಲ್ಲ. ಲೋಟಗಟ್ಟಲೆ ರಸವೇ ಬೇರೆ. ಅದರ ಬಂಧು ದಾರೆಹುಳಿ, ಅಂದರೆ ನಕ್ಷತ್ರದಾಕಾರದ ಹಣ್ಣು, ಕಿಡ್ನಿ ರೋಗಿಗಳಿಗೆ ಪೂರ್ತಿ ವರ್ಜ್ಯ.

ಮೂರನೆಯದು ಔಷಧಿ ಅಂಗಡಿಯ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಮಂಡಿನೋವಿಗೆಂದು ತಿಂಗಳುಗಟ್ಟಲೆ ನುಂಗಿದರೆ, ಅಥವಾ ವಾಂತಿ ಭೇದಿಯಿಂದ ನಿತ್ರಾಣವಾದಾಗ ನುಂಗಿದರೆ, ಮೊದಲು ಪೆಟ್ಟು ತಿನ್ನುವುದು ನಾಳಿಕೆ.

ಸಮಾಧಾನದ ಸಂಗತಿಯೂ ಒಂದಿದೆ. ಪೆಟ್ಟು ತಿಂದ ನಾಳಿಕೆಯ ಜೀವಕೋಶಗಳು ಸಮಯಕ್ಕೆ ಸರಿಯಾಗಿ ಕಾರಣ ತೆಗೆದರೆ ಮತ್ತೆ ಬೆಳೆಯಬಲ್ಲವು. ಆದರೆ ಪೂರ್ತಿ ಹಾಳಾದ ನೆಫ್ರಾನಿನ ಜಾಗದಲ್ಲಿ ಹೊಸ ನೆಫ್ರಾನ್ ಹುಟ್ಟುವುದಿಲ್ಲ. ನಾವು ಹುಟ್ಟುವ ಹೊತ್ತಿಗೆ ಎಷ್ಟು ತಂದಿರುತ್ತೇವೋ ಅಷ್ಟೇ ಜೀವಮಾನಕ್ಕೆ.

‘ಕುಡಿದವರಿಗೆ ಗುಣವಾಗಿದೆಯಲ್ಲ?’

ಈ ಪ್ರಶ್ನೆ ಖಂಡಿತ ಬರುತ್ತದೆ. ಹೆಚ್ಚಾಗಿ ಅದು ಕಿಡ್ನಿ ಕಲ್ಲಿನ ವಿಷಯ. ಕಲ್ಲು ಬೇರೆ, ಕಿಡ್ನಿಯ ಶಕ್ತಿ ಕುಗ್ಗುವುದು ಬೇರೆ. 5 ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳಲ್ಲಿ ಬಹುಪಾಲು ತಾವಾಗಿಯೇ ಮೂತ್ರದಲ್ಲಿ ಜಾರಿಹೋಗುತ್ತವೆ. ಆ ವಾರ ನೀವು ಬಾಳೆದಿಂಡಿನ ರಸ ಕುಡಿದಿದ್ದರೆ ಹೆಸರು ಅದಕ್ಕೆ, ಕೊತ್ತಂಬರಿ ನೀರು ಕುಡಿದಿದ್ದರೆ ಹೆಸರು ಇದಕ್ಕೆ. ಹೆಚ್ಚು ನೀರು ಕುಡಿದದ್ದು ಹೊಸ ಕಲ್ಲಾಗದಂತೆ ತಡೆಯಲು ನೆರವಾಗಬಹುದು, ಅದಕ್ಕೆ ಬರೀ ನೀರೂ ಸಾಕು.

ಇನ್ನು ಕ್ರಿಯಾಟಿನಿನ್. ಇದು ಸ್ನಾಯುಗಳಿಂದ ಬರುವ ತ್ಯಾಜ್ಯ. ಹಿಂದಿನ ದಿನ ಬಾಡೂಟ ಉಂಡಿದ್ದರೆ, ನೀರು ಕಮ್ಮಿ ಕುಡಿದಿದ್ದರೆ ಸ್ವಲ್ಪ ಏರುತ್ತದೆ. ಟ್ರೈಮೆಥೊಪ್ರಿಮ್ ಇರುವ ಆಂಟಿಬಯೋಟಿಕ್ ಅದರ ಸ್ರವಿಕೆಗೆ ಅಡ್ಡ ಬರುವುದರಿಂದ, ಕಿಡ್ನಿಗೆ ಏನೂ ಆಗದಿದ್ದರೂ ಏರಬಹುದು. ಆಮೇಲೆ ತಾನಾಗಿ ಇಳಿಯುತ್ತದೆ. ಇಳಿದಾಗ ಕುಡಿಯುತ್ತಿದ್ದ ಕಷಾಯಕ್ಕೆ ಶ್ರೇಯ ಸಿಗುತ್ತದೆ.

ಹಾಗಾದರೆ ಏನು ಮಾಡಬೇಕು?

ಸಕ್ಕರೆ ಕಾಯಿಲೆ ಅಥವಾ ಬಿಪಿ ಇದ್ದರೆ ವರ್ಷಕ್ಕೊಮ್ಮೆಯಾದರೂ ಎರಡು ಪರೀಕ್ಷೆ ಮಾಡಿಸಿ. ಒಂದು, ರಕ್ತದ ಕ್ರಿಯಾಟಿನಿನ್ ಮತ್ತು ಅದರಿಂದ ಲೆಕ್ಕ ಹಾಕುವ ಇಜಿಎಫ್ಆರ್. ಎರಡು, ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ. ಎರಡನೆಯದನ್ನು ಬಹಳ ಜನ ಮಾಡಿಸುವುದೇ ಇಲ್ಲ. ಕ್ರಿಯಾಟಿನಿನ್ ಕಣ್ಣಿಗೆ ಬೀಳುವಷ್ಟು ಏರುವ ಹೊತ್ತಿಗೆ ಕಿಡ್ನಿಯ ಶಕ್ತಿ ಅರ್ಧಕ್ಕೆ ಇಳಿದಿರಬಹುದು. ಮೂತ್ರದಲ್ಲಿ ಆಲ್ಬುಮಿನ್ ಅದಕ್ಕಿಂತ ಎಷ್ಟೋ ಮುಂಚೆ ಸುಳಿವು ಕೊಡುತ್ತದೆ. ಗ್ರಾಂಗೆ 30 ಮಿಲಿಗ್ರಾಂಗಿಂತ ಕಮ್ಮಿ ಇದ್ದರೆ ಸರಿ, ಹೆಚ್ಚಿದ್ದರೆ ಡಾಕ್ಟರಿಗೆ ತೋರಿಸಿ.

ಸಕ್ಕರೆ, ಬಿಪಿ ಹತೋಟಿಯಲ್ಲಿರಲಿ. ಉಪ್ಪು ಕಮ್ಮಿ ಇರಲಿ, ದಿನಕ್ಕೆ 5 ಗ್ರಾಂ ಮೀರಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಾಯಾರಿಕೆಗೆ ತಕ್ಕಂತೆ ನೀರು ಕುಡಿಯಿರಿ. ಆದರೆ ಡಾಕ್ಟರು ನೀರಿಗೆ ಮಿತಿ ಹಾಕಿದ್ದರೆ ಅದನ್ನು ಮೀರಬೇಡಿ. ನೋವಿನ ಮಾತ್ರೆಯನ್ನು ನೀವಾಗಿಯೇ ದಿನಗಟ್ಟಲೆ ನುಂಗಬೇಡಿ. ಕಷಾಯ, ಪುಡಿ ಏನೇ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಚಿಕ್ಕಮ್ಮನಿಗೆ ಫೋನಿನಲ್ಲಿ ಇಷ್ಟೆಲ್ಲ ಹೇಳಲಿಲ್ಲ. ‘ಸೊಪ್ಪಿನ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ, ಅದನ್ನು ಹೊರಹಾಕುವುದು ನಿಮ್ಮ ಕಿಡ್ನಿಗೆ ಈಗ ಕಷ್ಟ ಇರಬಹುದು’ ಎಂದಷ್ಟೇ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಆ ಸೊಪ್ಪು?’ ಎಂದರು. ಸಾರಿಗೆ ಹಾಕಿ ಎಂದೆವು. ಮರುವಾರ ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿದರು. ಸ್ವಲ್ಪ ಹೆಚ್ಚಿತ್ತು. ಡಾಕ್ಟರು ಒಂದು ಮಾತ್ರೆ ಬದಲಿಸಿದ್ದಾರೆ, ಮೂರು ತಿಂಗಳಿಗೆ ಮತ್ತೆ ಬರಲು ಹೇಳಿದ್ದಾರೆ.

ಕಿಡ್ನಿ ಕ್ಲೀನ್ ಮಾಡುವ ಫಾರ್ವರ್ಡ್ ಮುಂದಿನ ಸಲ ಬಂದಾಗ ನಿಮ್ಮ ಗ್ರೂಪಿನಲ್ಲಿ ಯಾರಿಗೆ ಸಕ್ಕರೆ ಇದೆ, ಯಾರಿಗೆ ಬಿಪಿ ಇದೆ ಎಂದು ಒಮ್ಮೆ ನೆನಪಿಸಿಕೊಳ್ಳಿ. ಆ ಫಾರ್ವರ್ಡ್ ಅಲ್ಲೇ ಇರಲಿ. ಅವರಿಗೆ ಫೋನ್ ಮಾಡಿ, ‘ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು?’ ಎಂದು ಕೇಳಿ.